‘ನೀವು ಎಂ.ಟೆಕ್., ನಿಮ್ಮ ಯಜಮಾನರು ಡಿಪ್ಲೊಮಾ. ತೊಂದರೆ ಆಗಲ್ವಾ?’

ಈ ಪ್ರಶ್ನೆಯನ್ನು ನನಗೆ ಎಷ್ಟು ಜನ ಕೇಳಿದ್ದಾರೋ ಲೆಕ್ಕ ಇಟ್ಟಿಲ್ಲ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಪಕ್ಕದವರು ಕೇಳುತ್ತಾರೆ. ಹಳೆಯ ಗೆಳತಿಯರು ಫೋನಿನಲ್ಲಿ ಬೇರೇನೋ ಮಾತಾಡುತ್ತಾ ಅಲ್ಲಿಗೆ ಬರುತ್ತಾರೆ. ಎಲ್ಲರಿಗಿಂತ ಜಾಸ್ತಿ ಕೇಳುವವರು ಆಫೀಸಿನಲ್ಲಿ ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕ ಹುಡುಗಿಯರು. ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತಾಗ, “ಅಕ್ಕಾ, ಬೇಜಾರು ಮಾಡ್ಕೋಬೇಡಿ, ಒಂದು ವಿಷಯ ಕೇಳ್ಲಾ?” ಅಂದರೆ ಸಾಕು, ಮುಂದಿನದು ನನಗೆ ಗೊತ್ತು.

ದೊಡ್ಡವರು ಕೇಳುವುದು ಕುತೂಹಲಕ್ಕೆ. ಈ ಹುಡುಗಿಯರು ಕೇಳುವುದು ಹಾಗಲ್ಲ. ಅವರ ಮನಸ್ಸಿನಲ್ಲಿ ಯಾರೋ ಒಬ್ಬ ಇದ್ದಾನೆ. ಅವನ ಓದೋ ಸಂಬಳವೋ ಇವರಿಗಿಂತ ಕಮ್ಮಿ. ಮನೆಯಲ್ಲಿ ಹೇಳಲು ಭಯ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಡಬ್ಬಿ ತೊಳೆಯುವಷ್ಟರಲ್ಲಿ ಹೇಳಿ ಮುಗಿಸುವ ಮಾತು ಇದಲ್ಲ.

ಮೊದಲು ನಮ್ಮ ವಿಷಯ. ನನಗೆ 38 ವರ್ಷ. ಎಂ.ಟೆಕ್. ಮಾಡಿದ್ದೇನೆ, ಸಾಫ್ಟ್‌ವೇರ್ ಟೆಸ್ಟಿಂಗ್ ತಂಡವೊಂದನ್ನು ನೋಡಿಕೊಳ್ಳುತ್ತೇನೆ. ನನ್ನ ಗಂಡ ರಾಜಾಜಿನಗರದ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಮೇಕಿಂಗ್, ಅಂದರೆ ಫ್ಯಾಕ್ಟರಿಗೆ ಬೇಕಾದ ಅಚ್ಚು, ಉಪಕರಣ ಮಾಡುವ ಕೆಲಸದ ಡಿಪ್ಲೊಮಾ ಓದಿದವನು. ಪೀಣ್ಯದಲ್ಲಿ ಬಾಡಿಗೆ ಶೆಡ್ಡಿನಲ್ಲಿ ಮೆಷಿನ್ ಶಾಪ್ ಇದೆ. ಆರು ಜನ ಕೆಲಸಗಾರರು. ಅವನು ಮನೆಗೆ ತರುವ ದುಡ್ಡಿಗೆ ಹೋಲಿಸಿದರೆ ನನ್ನ ಸಂಬಳ ಸುಮಾರು ಎರಡರಷ್ಟು. 2018ರಲ್ಲಿ ಮದುವೆಯಾದೆವು.

ಇನ್ನು ಉತ್ತರ. ತೊಂದರೆ ಆಗುತ್ತೆ. ಆದರೆ ನೀವು ಅಂದುಕೊಂಡ ಜಾಗದಲ್ಲಿ ಆಗಲ್ಲ.

ಇದನ್ನು ಹೇಳಲು ನಾನು ನಮ್ಮಪ್ಪನಿಂದ ಶುರು ಮಾಡಬೇಕು. ಅಪ್ಪ ಐಟಿಐ ಟರ್ನರ್, ಅಂದರೆ ಲೇತಿನಲ್ಲಿ ಲೋಹ ಕಡೆಯುವ ಕೆಲಸಗಾರ. ಹತ್ತನೇ ಕ್ಲಾಸ್ ಮುಗಿಸಿ, ಐಟಿಐ ಓದಿ, ಜಾಲಹಳ್ಳಿಯ ಎಚ್‌ಎಂಟಿಗೆ ಸೇರಿದವರು. ಆ ಕಾಲದ ಬೆಂಗಳೂರು ಈಗಿನವರಿಗೆ ಗೊತ್ತಿಲ್ಲ. ಎಚ್‌ಎಎಲ್, ಐಟಿಐ ಅನ್ನುವ ಟೆಲಿಫೋನ್ ಫ್ಯಾಕ್ಟರಿ, ಎಚ್‌ಎಂಟಿ, ಬಿಇಎಲ್ ಅಂದರೆ ಊರೊಳಗಿನ ಊರುಗಳು. ಕ್ವಾರ್ಟರ್ಸ್, ಸ್ಕೂಲು, ಆಸ್ಪತ್ರೆ, ಕ್ಯಾಂಟೀನು, ಬೆಳಿಗ್ಗೆ ಫ್ಯಾಕ್ಟರಿ ಬಸ್ಸು. ಮಾಗಡಿ ತಾಲ್ಲೂಕಿನಲ್ಲಿ ರಾಗಿ ಬೆಳೆಯುತ್ತಿದ್ದ ನನ್ನ ತಾತ 1984ರಲ್ಲಿ ಮಗಳನ್ನು ಈ ಟರ್ನರ್‌ಗೆ ಕೊಟ್ಟರು. ಅಮ್ಮ ಈಗಲೂ ಹೇಳುತ್ತಾರೆ, ಊರಿನವರೆಲ್ಲ “ಎಚ್‌ಎಂಟಿ ಹುಡುಗ ಸಿಕ್ಕವ್ನೆ, ಪುಣ್ಯ ಮಾಡಿದ್ಲು” ಅಂದರಂತೆ. ಎಷ್ಟು ಓದಿದ್ದಾನೆ ಅಂತ ಒಬ್ಬರೂ ಕೇಳಲಿಲ್ಲ. ತಿಂಗಳಾದರೆ ಸಂಬಳ ಬರುತ್ತೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ಮೂವತ್ತು ವರ್ಷದ ನಂತರ ಅದೇ ಅಮ್ಮ, ಅಪ್ಪನ ಸರ್ಟಿಫಿಕೇಟಿಗಿಂತ ಒಂದು ಕೈ ಮೇಲಿದ್ದ ನನ್ನ ಗಂಡನ ಡಿಪ್ಲೊಮಾ ನೋಡಿ ಅತ್ತರು. ಕಬ್ಬಿಣ ಅದೇ. ಲೇತು ಅದೇ. ಹತ್ತು ಮೈಕ್ರಾನ್ ಅಂದರೆ ಮಿಲಿಮೀಟರಿನ ನೂರರಲ್ಲಿ ಒಂದು ಭಾಗ ಅನ್ನುವ ಲೆಕ್ಕವೂ ಅದೇ. ಹಾಗಾದರೆ ಬದಲಾಗಿದ್ದು ಏನು?

1994ರಲ್ಲಿ ಸಿಇಟಿ ಬಂತು. ಎಂಜಿನಿಯರಿಂಗ್ ಕಾಲೇಜುಗಳು ಒಂದರ ಹಿಂದೆ ಒಂದು ತೆರೆದವು. ಸಾಫ್ಟ್‌ವೇರ್ ಕಂಪನಿಗಳು ಬಂದವು. ನಾನು ಬಿ.ಇ. ಮುಗಿಸುವ ಹೊತ್ತಿಗೆ ನಮ್ಮ ರಸ್ತೆಯಲ್ಲೇ ಒಂಬತ್ತು ಜನ ಎಂಜಿನಿಯರುಗಳಿದ್ದರು. ಅತ್ತ ಕಡೆ ಫ್ಯಾಕ್ಟರಿಗಳು ಸೊರಗಿದವು. ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನ ಮಾಡಿದ್ದು 2016ರಲ್ಲಿ. ಅಪ್ಪ ಅದಕ್ಕೂ ಎಷ್ಟೋ ಮೊದಲೇ ವಿಆರ್‌ಎಸ್ (ಸ್ವಯಂ ನಿವೃತ್ತಿ) ತೆಗೆದುಕೊಂಡು ಮನೆಗೆ ಬಂದಿದ್ದರು. ನಾನಾಗ ಹೈಸ್ಕೂಲಿನಲ್ಲಿದ್ದೆ. ಅಲ್ಲಿಂದ ಮುಂದೆ ಅಮ್ಮ ಸೀರೆಗೆ ಫಾಲ್ಸ್ ಹೊಲಿದು, ಬ್ಲೌಸ್ ಹೊಲಿದು, ಚೀಟಿ ಹಾಕಿ ನನ್ನ ಫೀಸು ಕಟ್ಟಿದರು. ರಾತ್ರಿ ಹನ್ನೊಂದರವರೆಗೂ ಮೆಷಿನ್ನಿನ ಸದ್ದು ಕೇಳುತ್ತಾ ನಾನು ಓದಿದ್ದೇನೆ. ಈ ಮಾತು ಮುಂದೆ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ.

ನನ್ನ ಗಂಡ ನನಗೆ ಸಿಕ್ಕಿದ್ದು ಆ್ಯಪಿನಲ್ಲಲ್ಲ. ಸಿಕ್ಕುತ್ತಲೂ ಇರಲಿಲ್ಲ. 2015ರಲ್ಲಿ ಎಂಟು ತಿಂಗಳು ಡೇಟಿಂಗ್ ಆ್ಯಪ್ ಬಳಸಿದ್ದೇನೆ. ಮ್ಯಾಟ್ರಿಮೊನಿ ಸೈಟಿನಲ್ಲಿ ಅಮ್ಮ ಹಾಕಿಸಿದ್ದ ಪ್ರೊಫೈಲೂ ಇತ್ತು. ಎರಡೂ ಬೇರೆ ಬೇರೆ ಲೋಕ ಅಂತ ನಾನು ಅಂದುಕೊಂಡಿದ್ದೆ. ಒಂದರಲ್ಲಿ ಜಾತಕ, ಗೋತ್ರ. ಇನ್ನೊಂದರಲ್ಲಿ ಫೋಟೊ, ಹವ್ಯಾಸ. ಆದರೆ ಎರಡರಲ್ಲೂ ಹೆಸರಿನ ಕೆಳಗೇ ಕಾಲೇಜು, ಕೆಲಸ. ಬಿ.ಇ. ಇಲ್ಲದವರ ಪ್ರೊಫೈಲನ್ನು ನಾನೇ ಬೇಡ ಅಂತ ಎಡಕ್ಕೆ ತಳ್ಳಿದ್ದೇನೆ. ಒಂದು ಸೆಕೆಂಡೂ ಯೋಚನೆ ಮಾಡಿಲ್ಲ. ನನ್ನ ಗಂಡನ ಪ್ರೊಫೈಲು ಅಲ್ಲಿದ್ದಿದ್ದರೆ ಅದೂ ಎಡಕ್ಕೇ ಹೋಗುತ್ತಿತ್ತು. ಇದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಏನೋ ಕಲಕಿದ ಹಾಗಾಗುತ್ತೆ.

ಆ್ಯಪಿನ ಮೂಲಕ ನಾಲ್ಕು ಜನರನ್ನು ಭೇಟಿಯಾದೆ. ಭೇಟಿ ಯಾವಾಗಲೂ ಇಂದಿರಾನಗರ ಇಲ್ಲ ಕೋರಮಂಗಲದಲ್ಲಿ. ಜಾಲಹಳ್ಳಿಯಿಂದ ಎರಡು ಬಸ್ಸು, ಒಂದೂವರೆ ಗಂಟೆ. ಒಬ್ಬರು ಒಳ್ಳೆಯ ಮನುಷ್ಯ, ಮಾತು ಚೆನ್ನಾಗಿ ಸಾಗುತ್ತಿತ್ತು. “ನಿಮ್ಮ ತಂದೆ ಏನು ಮಾಡ್ತಿದ್ರು?” ಅಂತ ಕೇಳಿದರು. “ಎಚ್‌ಎಂಟಿಲಿದ್ರು” ಅಂದೆ. “ಆಫೀಸರ್ರಾ?” ಅಂದರು. “ಇಲ್ಲ, ಟರ್ನರ್” ಅಂದೆ. ಅವರು ಕೆಟ್ಟದಾಗಿ ಏನೂ ಹೇಳಲಿಲ್ಲ. ಕಾಫಿ ಮುಗಿಸಿದರು, ಬಿಲ್ಲು ಕೊಟ್ಟರು, ನಮಸ್ಕಾರ ಹೇಳಿದರು. ಆಮೇಲೆ ಮೆಸೇಜು ಬರಲಿಲ್ಲ. ನಾನು ಎಡಕ್ಕೆ ತಳ್ಳಿದವರಿಗೆ ಹೇಗೆ ಅನಿಸಿರಬಹುದು ಅಂತ ಆ ದಿನ ಬಸ್ಸಿನಲ್ಲಿ ಮೊದಲ ಸಲ ಹೊಳೆಯಿತು.

ಬೆಂಗಳೂರಿನಲ್ಲಿ ಓದು ಬೇರೆ, ದುಡ್ಡು ಬೇರೆ, ಏರಿಯಾ ಬೇರೆ ಅಂತ ಇಲ್ಲ. ಮೂರೂ ಒಂದೇ ಗಂಟು. ಒಂದನ್ನು ಕೇಳಿದರೆ ಉಳಿದೆರಡು ತಾವಾಗೇ ತಿಳಿಯುತ್ತವೆ. ಜಯನಗರ ಅಂದರೆ ಒಂದು ಅರ್ಥ, ಲಗ್ಗೆರೆ ಅಂದರೆ ಇನ್ನೊಂದು. ಇಂಗ್ಲಿಷ್ ಮಾತಾಡುವ ರೀತಿಯಲ್ಲೇ ಯಾವ ಸ್ಕೂಲು ಅಂತ ಗೊತ್ತಾಗುತ್ತೆ. ಜಾತಿ ಕೇಳಲು ನಾಚಿಕೊಳ್ಳುವವರು ಕಾಲೇಜು ಕೇಳಲು ನಾಚುವುದಿಲ್ಲ.

ಅವನು ಸಿಕ್ಕಿದ್ದು ನಾಟಕದ ತಂಡದಲ್ಲಿ. ನಮ್ಮದು ಹವ್ಯಾಸಿ ತಂಡ. ಭಾನುವಾರ ರಿಹರ್ಸಲ್, ಆರು ತಿಂಗಳಿಗೊಮ್ಮೆ ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ಶೋ. ಬೆಂಗಳೂರಿನ ಹವ್ಯಾಸಿ ರಂಗಭೂಮಿಯಲ್ಲಿ ಮೊದಲಿನಿಂದಲೂ ಫ್ಯಾಕ್ಟರಿಯವರು, ಬ್ಯಾಂಕಿನವರು, ಮೇಷ್ಟ್ರುಗಳು ಒಟ್ಟಿಗೆ ಕೂತು ಟೀ ಕುಡಿದಿದ್ದಾರೆ. ಈಗ ಸಾಫ್ಟ್‌ವೇರಿನವರೂ ಸೇರಿದ್ದೇವೆ. ತಂಡದಲ್ಲಿ ಎಲ್ಲರಿಗೂ ಏಕವಚನ. ಅವನು ರಂಗಸಜ್ಜಿಕೆ ಮಾಡುತ್ತಿದ್ದ. ತಿರುಗುವ ಒಂದು ಕಟ್ಟೆ ಬೇಕಿತ್ತು, ಹಳೆಯ ಬೇರಿಂಗ್ ತಂದು ಮೂರು ದಿನದಲ್ಲಿ ಮಾಡಿಕೊಟ್ಟ. ಸದ್ದೇ ಇಲ್ಲದೆ ತಿರುಗುತ್ತಿತ್ತು. ಅವನು ಏನು ಓದಿದ್ದಾನೆ ಅಂತ ನನಗೆ ಗೊತ್ತಾಗಿದ್ದು ಏಳು ತಿಂಗಳಾದ ಮೇಲೆ. ಅಷ್ಟು ಹೊತ್ತಿಗೆ ಅವನ ಮಾತು, ಸಿಟ್ಟು, ಸುಸ್ತು, ಹಸಿವು ಎಲ್ಲ ನನಗೆ ಗೊತ್ತಿತ್ತು. ಡಿಪ್ಲೊಮಾ ಅನ್ನುವುದು ಅವನ ಬಗ್ಗೆ ತಿಳಿದ ಇಪ್ಪತ್ತನೆಯ ವಿಷಯವಾಯಿತು. ಆ್ಯಪಿನಲ್ಲಿ ಅದು ಮೊದಲನೆಯದಾಗುತ್ತಿತ್ತು. ಬೇರೆ ವ್ಯತ್ಯಾಸ ಏನೂ ಇಲ್ಲ.

ಮನೆಯಲ್ಲಿ ಹೇಳಿದಾಗ ಆರು ತಿಂಗಳು ಅಮ್ಮ ಸರಿಯಾಗಿ ಮಾತಾಡಲಿಲ್ಲ. ಅಪ್ಪ ಏನೂ ಹೇಳಲಿಲ್ಲ. ಒಂದು ದಿನ ಯಾರಿಗೂ ಹೇಳದೆ ಪೀಣ್ಯಕ್ಕೆ ಹೋದರಂತೆ. ಶೆಡ್ಡಿನೊಳಗೆ ನಿಂತು ಹತ್ತು ನಿಮಿಷ ಸುಮ್ನೆ ನೋಡಿದರಂತೆ. ಆಗ ತಾನೇ ಮೆಷಿನ್ನಿಂದ ಇಳಿಸಿದ್ದ ಒಂದು ಜಾಬ್, ಅಂದರೆ ಕಡೆದು ಮುಗಿಸಿದ ಲೋಹದ ಭಾಗ, ಎತ್ತಿಕೊಂಡು, ಮೈಕ್ರೊಮೀಟರ್ ಕೇಳಿ, ಮೂರು ಕಡೆ ಅಳತೆ ನೋಡಿ, ಒರೆಸಿ ವಾಪಸ್ ಇಟ್ಟರಂತೆ. ರಾತ್ರಿ ಊಟ ಮಾಡುವಾಗ ಅಮ್ಮನಿಗೆ ಹೇಳಿದರು, “ಹುಡುಗನ ಕೈ ಚೆನ್ನಾಗಿದೆ.”

ಅಮ್ಮ ಹೇಳಿದ್ದು ಇಷ್ಟು: “ಕೈ ಚೆನ್ನಾಗಿದ್ರೆ ಸಾಕಾ? ನಿಮ್ಮ ಕೈಯೂ ಚೆನ್ನಾಗೇ ಇತ್ತು.”

ಅಪ್ಪ ತಟ್ಟೆ ನೋಡುತ್ತಾ ಕೂತರು. ನನಗೆ ಆ ಕ್ಷಣ ಅಮ್ಮನ ಮೇಲೆ ತುಂಬಾ ಸಿಟ್ಟು ಬಂತು. ಅರ್ಥವಾಗಲು ವರ್ಷಗಳೇ ಬೇಕಾದವು. ಅಮ್ಮನಿಗೆ ಡಿಗ್ರಿ ಅಂದರೆ ಅಂತಸ್ತು ಅಲ್ಲ, ಜಂಬ ಅಲ್ಲ. ಹನ್ನೊಂದು ಗಂಟೆಯವರೆಗೆ ಹೊಲಿಗೆ ಮೆಷಿನ್ ತುಳಿಯಬೇಕಾಗಿಲ್ಲ ಅನ್ನುವ ಧೈರ್ಯ. ಮಗಳು ಮತ್ತೆ ಆ ಜಾಗಕ್ಕೆ ಹೋಗುತ್ತಾಳಾ ಅನ್ನುವ ಭಯ ಅವರ ಬಾಯಲ್ಲಿ “ಬರೀ ಡಿಪ್ಲೊಮಾನಾ?” ಆಗಿ ಬಂತು. ನಿಮ್ಮ ಮನೆಯವರು “ಹುಡುಗ ಏನು ಓದಿದ್ದಾನೆ?” ಅಂತ ಕೇಳಿದಾಗ ಒಂದು ನಿಮಿಷ ತಡೆದು ನೋಡಿ. ಅದರ ಹಿಂದೆ ಯಾವ ಭಯ ಇದೆ ಅಂತ ಗೊತ್ತಾದರೆ ಜಗಳದ ಬದಲು ಮಾತು ಶುರುವಾಗುತ್ತೆ.

ಅಮ್ಮ ಕೊನೆಗೆ ಒಪ್ಪಿದರು. ಯಾಕೆ ಒಪ್ಪಿದರು ಅನ್ನುವುದನ್ನು ಮುಚ್ಚಿಟ್ಟರೆ ಈ ಉತ್ತರ ಅರ್ಧ ಸುಳ್ಳಾಗುತ್ತೆ. ನಮ್ಮಿಬ್ಬರದೂ ಒಂದೇ ಜಾತಿ. ನಾವು ಹುಡುಕಿಕೊಂಡು ಹೋಗಿದ್ದಲ್ಲ, ಹಾಗಾಯಿತು. ಆದರೆ ಅದೇ ನಮ್ಮನ್ನು ದಡ ಸೇರಿಸಿತು. ಸೋದರಮಾವ ಬಂದು ಅಮ್ಮನಿಗೆ ಹೇಳಿದ ಮಾತು ಇದು: “ನಮ್ಮವನೇ ತಾನೇ, ಬಿಡಕ್ಕಾ.” ಆ ಒಂದು ಮಾತಿಗೆ ಇದ್ದ ತೂಕ ನನ್ನ ಆರು ತಿಂಗಳ ಅಳುವಿಗೆ ಇರಲಿಲ್ಲ.

ಅದೇ ಹೊತ್ತಿಗೆ ನನ್ನ ಸಹೋದ್ಯೋಗಿಯೊಬ್ಬಳು, ಅವಳೂ ಎಂ.ಟೆಕ್., ಹುಡುಗನೂ ಎಂ.ಟೆಕ್., ಸಂಬಳದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಜಾತಿ ಬೇರೆ. ಹುಡುಗ ದಲಿತ. ಮೂರು ವರ್ಷ ಕಾದರು. ಕೊನೆಗೆ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದರು. ಆ ಕಾಯ್ದೆಯಲ್ಲಿ 30 ದಿನ ಮೊದಲೇ ನೋಟಿಸು ಕೊಡಬೇಕು, ಅದನ್ನು ಕಚೇರಿಯಲ್ಲಿ ಅಂಟಿಸುತ್ತಾರೆ. ಆ 30 ದಿನ ಅವಳು ಫೋನ್ ರಿಂಗಾದರೆ ಬೆಚ್ಚುತ್ತಿದ್ದಳು. ಅವಳ ಮನೆಯವರು ಇವತ್ತಿಗೂ ಬಂದಿಲ್ಲ.

ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಜೊತೆಗಾರರು ಕೋಲ್ಕತ್ತಾದ ಪತ್ರಿಕೆಯ ವಧು-ವರ ಜಾಹೀರಾತು ಕೊಟ್ಟ ಕುಟುಂಬಗಳನ್ನು ಹಿಡಿದು ಒಂದು ಅಧ್ಯಯನ ಮಾಡಿದ್ದರು. 2013ರಲ್ಲಿ ಪ್ರಕಟವಾಯಿತು. ಅದನ್ನು ಓದಿದಾಗ ಸೋದರಮಾವನ ಮಾತೇ ಕಿವಿಯಲ್ಲಿ ಕೇಳಿಸಿತು. ಬೇರೆ ಜಾತಿಯ ಹುಡುಗನನ್ನು ತಪ್ಪಿಸಲು ಹೆಣ್ಣಿನ ಮನೆಯವರು ಎಷ್ಟು ಓದನ್ನು ಬಿಟ್ಟುಕೊಡಲು ತಯಾರು ಅಂತ ಅವರು ಲೆಕ್ಕ ಹಾಕಿದ್ದಾರೆ. ಸ್ನಾತಕೋತ್ತರ ಪದವಿಗೂ ಏನೂ ಓದದಿರುವುದಕ್ಕೂ ನಡುವೆ ಎಷ್ಟು ಅಂತರವೋ ಅಷ್ಟು. ಓದಿನ ಮೇಲೆ ಇಷ್ಟು ಪ್ರಾಣ ಬಿಡುವ ನಾವು ಜಾತಿಯ ಮುಂದೆ ಅದನ್ನು ಇಷ್ಟು ಸುಲಭವಾಗಿ ಬಿಟ್ಟುಕೊಡುತ್ತೇವೆ. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಬೇರೆ ಜಾತಿಯವರನ್ನು ಮದುವೆಯಾದವರು ನೂರಕ್ಕೆ ಸುಮಾರು 5 ಜನ. ಹಾಗಾಗಿ, ಅಂತರ ಮೀರಿ ಮದುವೆಯಾದೆ ಅಂತ ನನ್ನನ್ನು ಯಾರಾದರೂ ಹೊಗಳಿದರೆ ನನಗೆ ಸಂಕೋಚವಾಗುತ್ತೆ. ದೊಡ್ಡ ಗೋಡೆ ದಾಟಿದವಳು ಅವಳು.

ಇನ್ನೊಂದು ವಿಷಯ ಈ ಹುಡುಗಿಯರಿಗೆ ಹೇಳಲೇಬೇಕು, ಯಾಕಂದರೆ ತಮ್ಮಲ್ಲೇ ಏನೋ ಕೊರತೆ ಅಂತ ಅವರು ಅಂದುಕೊಂಡಿರುತ್ತಾರೆ. ಹುಡುಗ ಒಂದು ಮೆಟ್ಟಿಲು ಮೇಲಿರಬೇಕು ಅನ್ನುವುದು ನಮ್ಮಲ್ಲಿ ಹಳೆಯ ಲೆಕ್ಕ. ಹುಡುಗಿ ಪಿಯುಸಿ ಆದರೆ ಹುಡುಗ ಡಿಗ್ರಿ, ಹುಡುಗಿ ಡಿಗ್ರಿ ಆದರೆ ಹುಡುಗ ಎಂಜಿನಿಯರ್. ಹೆಣ್ಣುಮಕ್ಕಳು ಕಮ್ಮಿ ಓದುತ್ತಿದ್ದ ಕಾಲದಲ್ಲಿ ಆ ಲೆಕ್ಕ ಹೊಂದುತ್ತಿತ್ತು. ಈಗ? 2021-22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ಕಾಲೇಜುಗಳಲ್ಲಿ ಓದುತ್ತಿದ್ದ 4.33 ಕೋಟಿ ಜನರಲ್ಲಿ 2.07 ಕೋಟಿ ಹೆಣ್ಣುಮಕ್ಕಳು. ಹೆಚ್ಚು ಕಮ್ಮಿ ಸಮ. ಮೆಟ್ಟಿಲುಗಳೇ ಸಮ ಆದಮೇಲೆ ಎಲ್ಲರಿಗೂ ಒಂದು ಮೆಟ್ಟಿಲು ಮೇಲಿನವರು ಎಲ್ಲಿಂದ ಸಿಗುತ್ತಾರೆ? ಮೇಲ್ತುದಿಯಲ್ಲಿ ಚೆನ್ನಾಗಿ ಓದಿದ ಹುಡುಗಿಯರು ಉಳಿಯುತ್ತಾರೆ. ಕೆಳತುದಿಯಲ್ಲಿ ಹುಡುಗರು ಉಳಿಯುತ್ತಾರೆ.

ಆ ಹುಡುಗರು ಯಾರು ಅಂತ ನಮಗೆ ಗೊತ್ತು. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಬಹಳಷ್ಟು ಜನ ರೈತರ ಮಕ್ಕಳು. ಅದೇ ವರ್ಷದ ಚುನಾವಣಾ ಪ್ರಚಾರದಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ರೈತನ ಮಗನನ್ನು ಮದುವೆಯಾಗುವ ಹುಡುಗಿಗೆ 2 ಲಕ್ಷ ರೂಪಾಯಿ ಕೊಡುವುದಾಗಿ ಹೇಳಿದರು. ಕೆಲವರು ಆ ಪಾದಯಾತ್ರೆ ನೋಡಿ ನಕ್ಕರು. ನನಗೆ ನಗು ಬರಲಿಲ್ಲ. ನೀರಾವರಿ ಇದ್ದು, ಕಬ್ಬು ಬೆಳೆದು, ತಂದೆತಾಯಿಯನ್ನು ನೋಡಿಕೊಳ್ಳುವ ಹುಡುಗನನ್ನು ಅವನೂರಿನ ಹುಡುಗಿಯೇ ಬೇಡ ಅನ್ನುತ್ತಾಳೆ, ಬೆಂಗಳೂರಿನಲ್ಲಿ ಹದಿನೈದು ಸಾವಿರದ ಕೆಲಸ ಇದ್ದವನಿಗೆ ಹೂಂ ಅನ್ನುತ್ತಾಳೆ. ಅವಳನ್ನು ದೂರುವುದಕ್ಕೂ ನನಗೆ ಮನಸ್ಸು ಬರಲ್ಲ. ಹೊಲದಲ್ಲಿ ದುಡಿದ ಅವಳ ತಾಯಿಯ ಕೈಗೆ ಯಾವತ್ತೂ ದುಡ್ಡು ಬಂದಿಲ್ಲ. ಇನ್ನೂ ಒಂದು ಕಹಿ ಮಾತು. ಅದೇ 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡಿ ಹೆಣ್ಣು ಭ್ರೂಣ ಪತ್ತೆ ಹಚ್ಚುತ್ತಿದ್ದ ಜಾಲ ಸಿಕ್ಕಿಬಿತ್ತು. ಹುಟ್ಟಲು ಬಿಡದ ಹೆಣ್ಣುಮಕ್ಕಳನ್ನು ಮದುವೆ ವಯಸ್ಸಿಗೆ ಎಲ್ಲಿ ಹುಡುಕುವುದು?

ಮೇಲ್ತುದಿಯಲ್ಲಿ ಉಳಿದವರ ಕಥೆ ಬೇರೆ. ಆಕ್ಸ್‌ಫರ್ಡ್‌ನ ಸಂಶೋಧಕಿ ದಿವಾ ಧರ್ ಮ್ಯಾಟ್ರಿಮೊನಿ ಸೈಟಿನಲ್ಲಿ ಪರೀಕ್ಷೆಗಾಗಿಯೇ ಒಂದಷ್ಟು ಹುಡುಗಿಯರ ಪ್ರೊಫೈಲು ಮಾಡಿ ಹಾಕಿದರು. ಯಾವತ್ತೂ ಕೆಲಸಕ್ಕೆ ಹೋಗದ ಹುಡುಗಿಗೆ 100 ಗಂಡಸರು ಆಸಕ್ತಿ ತೋರಿಸಿದರೆ, ಕೆಲಸಕ್ಕೆ ಹೋಗುವ ಹುಡುಗಿಗೆ ತೋರಿಸಿದವರು 78ರಿಂದ 85. ಓದಿರಬೇಕು, ಆದರೆ ಆ ಓದನ್ನು ಇಟ್ಟುಕೊಂಡು ದುಡಿಯಬಾರದು ಅನ್ನುವವರು ಅಷ್ಟು ಜನ ಇದ್ದಾರೆ. ನನಗೂ ಬಂದಿತ್ತು ಅಂಥದ್ದೊಂದು ಸಂಬಂಧ. “ಎಂ.ಟೆಕ್. ಅಂದ್ರೆ ನಮಗೆ ತುಂಬಾ ಸಂತೋಷ. ಮದುವೆ ಆದ್ಮೇಲೆ ಕೆಲಸದ ಅವಶ್ಯಕತೆ ಇರಲ್ಲ” ಅಂದಿದ್ದರು ಹುಡುಗನ ತಾಯಿ. ಪ್ರೀತಿಯಿಂದಲೇ ಅಂದಿದ್ದರು. ಅಮ್ಮ ಹೊಲಿದ ಅಷ್ಟೂ ಬ್ಲೌಸು ನನ್ನ ಕಣ್ಣ ಮುಂದೆ ಬಂದವು.

ಸರಿ. ತೊಂದರೆ ಎಲ್ಲಿ ಆಗುತ್ತೆ ಅಂತ ಹೇಳುತ್ತೇನೆ ಅಂದಿದ್ದೆ.

ಮಾತುಕತೆಯಲ್ಲಿ ಆಗಲ್ಲ. ಎಲ್ಲರಿಗೂ ಇರುವ ಭಯ ಅದು: “ಲೆವೆಲ್ ಮ್ಯಾಚ್ ಆಗುತ್ತಾ? ಏನು ಮಾತಾಡ್ತೀರಾ?” ಏಳು ವರ್ಷದಲ್ಲಿ ಮಾತಿಗೆ ಬರ ಬಂದಿಲ್ಲ. ಉಕ್ಕಿನ ಬಗ್ಗೆ ನನಗೆ ಗೊತ್ತಿಲ್ಲದ್ದನ್ನು ಅವನು ಹೇಳುತ್ತಾನೆ, ಅವನಿಗೆ ಬೇಕಾದ್ದನ್ನು ನಾನು ಹೇಳುತ್ತೇನೆ. ಅಷ್ಟೇ.

ತೊಂದರೆ ಆಗುವುದು ದುಡ್ಡು ಬರುವ ರೀತಿಯಲ್ಲಿ. ದುಡ್ಡಿನ ಮೊತ್ತದಲ್ಲಲ್ಲ, ರೀತಿಯಲ್ಲಿ. ನನ್ನ ಸಂಬಳ ತಿಂಗಳ ಕೊನೆಯ ದಿನ ಖಾತೆಗೆ ಬೀಳುತ್ತೆ. ಅವನದು ಹಾಗಲ್ಲ. ಸಣ್ಣ ಉದ್ದಿಮೆಗೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಕಾಯ್ದೆ ಹೇಳುತ್ತೆ. ಅವನ ಬಿಲ್ಲುಗಳು 90 ದಿನ, 120 ದಿನ ಕೂತಿರುತ್ತವೆ. ಕೇಳಿದರೆ ಮುಂದಿನ ಆರ್ಡರ್ ಬರಲ್ಲ. ಒಂದು ತಿಂಗಳು ಕೈತುಂಬಾ, ಮುಂದಿನ ಎರಡು ತಿಂಗಳು ಖಾಲಿ. ಆದರೆ ಕೆಲಸಗಾರರಿಗೆ ಏಳನೇ ತಾರೀಕು ಸಂಬಳ ಆಗಲೇಬೇಕು. ಮೊದಲ ವರ್ಷ ಇದು ನನಗೆ ಅರ್ಥವೇ ಆಗಲಿಲ್ಲ. ಲೆಕ್ಕ ಇಡಲು ಬರಲ್ಲ ಅಂತ ಅವನ ಮೇಲೆ ಸಿಡುಕುತ್ತಿದ್ದೆ. ತಿಂಗಳ ಸಂಬಳದ ಮನೆಯಲ್ಲಿ ಹುಟ್ಟಿದವಳಿಗೆ ಅದೊಂದೇ ಲೆಕ್ಕ ಗೊತ್ತಿತ್ತು.

2019ರಲ್ಲಿ ಅವನು ಹೊಸ ವಿಎಂಸಿ, ಅಂದರೆ ಕಂಪ್ಯೂಟರ್ ನಡೆಸುವ ಲೋಹ ಕೊರೆಯುವ ಮೆಷಿನ್ ಹಾಕಬೇಕು ಅಂದ. 28 ಲಕ್ಷ ಸಾಲ. ಬ್ಯಾಂಕಿನವರು ನನ್ನ ಜಾಮೀನು ಕೇಳಿದರು. ನನ್ನ ಸ್ಯಾಲರಿ ಸ್ಲಿಪ್ ಇದ್ದರೆ ಅವರಿಗೆ ಧೈರ್ಯ. ಅವನ ಹನ್ನೊಂದು ವರ್ಷದ ಕೆಲಸಕ್ಕೆ ಇಲ್ಲದ ಬೆಲೆ ಆ ಒಂದು ಕಾಗದಕ್ಕೆ ಇತ್ತು. ನಾನು ಮೂರು ವಾರ ಸಹಿ ಹಾಕಲಿಲ್ಲ. ಒಂದು ರಾತ್ರಿ ಜಗಳದಲ್ಲಿ, “ನನ್ನ ಸಂಬಳ ನಂಬ್ಕೊಂಡು ಸಾಲ ಮಾಡ್ತಿದೀಯಾ?” ಅಂದುಬಿಟ್ಟೆ. ಅವನು ಎರಡು ದಿನ ಮಾತಾಡಲಿಲ್ಲ. ನನ್ನ ಬಾಯಿಂದ ಬಂದ ಅತಿ ಕೆಟ್ಟ ಮಾತು ಅದು. ಕ್ಷಮೆ ಕೇಳಿದ್ದೇನೆ, ಆದರೂ ಆ ಮಾತು ಈ ಮನೆಯಲ್ಲಿ ಎಲ್ಲೋ ಒಂದು ಕಡೆ ಇದೆ ಅಂತ ನನಗೆ ಗೊತ್ತು.

ಮೂರನೇ ದಿನ ಅವನು ಶಾಪಿನ ಲೆಕ್ಕದ ಪುಸ್ತಕ ತಂದು ನನ್ನ ಮುಂದೆ ಇಟ್ಟ. ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು, ಊರಿನಲ್ಲಿ ಅವನ ಅಪ್ಪ ಬೋರ್‌ವೆಲ್‌ಗೆ ಮಾಡಿದ ಸಾಲ ಎಷ್ಟು, ತಂಗಿಯ ಮದುವೆಗೆ ಹಾಕಿದ ಚೀಟಿ ಎಷ್ಟು, ಎಲ್ಲ. ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಮೊದಲ ಸಲ ಎಲ್ಲವನ್ನೂ ನೋಡಿದೆ. ನಾನೂ ನನ್ನ ಖಾತೆ ತೆರೆದು ತೋರಿಸಿದೆ. ಅಮ್ಮನಿಗೆ ತಿಂಗಳು ತಿಂಗಳು ಎಷ್ಟು ಕಳಿಸುತ್ತೇನೆ ಅಂತ ಅವನಿಗೂ ಗೊತ್ತಿರಲಿಲ್ಲ. ಬೆಳಗಿನ ಜಾವ ಎರಡು ಗಂಟೆಯವರೆಗೆ ಕೂತಿದ್ದೆವು. ಮದುವೆಯಾದ ರಾತ್ರಿಗಿಂತ ಆ ರಾತ್ರಿ ನಾವು ಹತ್ತಿರ ಬಂದೆವು ಅಂತ ನನಗೆ ಅನಿಸುತ್ತೆ. ಮರುವಾರ ಸಹಿ ಹಾಕಿದೆ. ಮೂರು ಕಂತಿನ ದುಡ್ಡು ಯಾವಾಗಲೂ ಬೇರೆ ಖಾತೆಯಲ್ಲಿರಬೇಕು ಅನ್ನುವುದು ನನ್ನ ಶರತ್ತು. ಅವನು ಒಪ್ಪಿದ.

ಆರು ತಿಂಗಳಿಗೆ ಲಾಕ್‌ಡೌನ್ ಬಂತು. 2020ರ ಮಾರ್ಚ್ 25ರಿಂದ ಪೀಣ್ಯ ಪೂರ್ತಿ ಬಂದ್. ರಿಸರ್ವ್ ಬ್ಯಾಂಕು ಕಂತು ಮುಂದೂಡಲು ಆಗಸ್ಟ್ ಕೊನೆಯವರೆಗೆ ಅವಕಾಶ ಕೊಟ್ಟಿದ್ದರಿಂದ ಉಸಿರಾಡಿದೆವು. ಮನೆ ನನ್ನ ಸಂಬಳದಲ್ಲಿ ನಡೆಯಿತು. ಕೆಲಸಗಾರರಿಗೆ ಅರ್ಧ ಸಂಬಳ ಕೂಡ ಅದರಲ್ಲೇ ಹೋಯಿತು. 2023ರಲ್ಲಿ ನನ್ನ ಕೆಲಸ ಹೋಯಿತು. ಐದು ತಿಂಗಳು ಮನೆಯಲ್ಲಿದ್ದೆ. ದುಡ್ಡು ಬರದ ತಿಂಗಳು ಹೇಗಿರುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಶಾಪಿಗೆ ಬಾ, ಮನೆಯಲ್ಲಿ ಒಬ್ಬಳೇ ಕೂರಬೇಡ ಅಂದ. ಐದು ತಿಂಗಳು ಅವನ ಬಾಕಿ ಬಿಲ್ಲುಗಳ ಹಿಂದೆ ನಾನು ಬಿದ್ದೆ.

ಇನ್ನೊಂದು ತೊಂದರೆ ಬೇರೆಯವರ ಕಣ್ಣಿನದು. ಆಫೀಸಿನ ಪಾರ್ಟಿಗಳಿಗೆ ಅವನು ಬರುತ್ತಿದ್ದ. “ಯಾವ ಕಂಪನಿ?” ಅಂತ ಕೇಳುತ್ತಾರೆ. “ಸ್ವಂತದ್ದು” ಅನ್ನುತ್ತಾನೆ. “ಓ, ಸ್ಟಾರ್ಟಪ್ಪಾ?” ಅಂತ ಮುಖ ಅರಳುತ್ತೆ. “ಇಲ್ಲ, ಮೆಷಿನ್ ಶಾಪ್” ಅಂದ ಕೂಡಲೇ ಮಾತು ನಿಲ್ಲುತ್ತೆ. ಇದು ಅವನಿಗೆ ನೋವು ಮಾಡಲಿಲ್ಲ. ನೋವು ಮಾಡಿದ್ದು ನಾನು. ಮೊದಮೊದಲು ಯಾರಾದರೂ ಕೇಳಿದರೆ “ಬಿಸಿನೆಸ್ ಮಾಡ್ತಾರೆ” ಅಂತಷ್ಟೇ ಹೇಳುತ್ತಿದ್ದೆ. ಒಂದು ದಿನ ಬೈಕಿನಲ್ಲಿ ವಾಪಸ್ ಬರುವಾಗ, ಯಶವಂತಪುರ ದಾಟಿದ ಮೇಲೆ, ಅವನು ಮೆತ್ತಗೆ ಕೇಳಿದ, “ಪೀಣ್ಯ ಅಂತ ಯಾಕೆ ಹೇಳಲ್ಲ?” ನನಗೆ ಉತ್ತರ ಇರಲಿಲ್ಲ. ಟರ್ನರ್‌ನ ಮಗಳು ನಾನು. ಆವತ್ತಿನಿಂದ ಪೂರ್ತಿ ಹೇಳುತ್ತೇನೆ.

ಇಷ್ಟು ಓದಿ, “ಹಾಗಾದ್ರೆ ಆಗಬಹುದು ಅಂತೀರಾ?” ಅಂತ ನೀವು ಕೇಳಿದರೆ ನಾನು ಹೂಂ ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ಕಮ್ಮಿ ಓದಿದವನು ಒಳ್ಳೆಯವನು ಅಂತೇನೂ ಇಲ್ಲ. ಹೆಂಡತಿಯ ಸಂಬಳಕ್ಕೆ ಕೊರಗಿ ಕುಡಿತಕ್ಕೆ ಬಿದ್ದವರನ್ನೂ ನೋಡಿದ್ದೇನೆ. ಹೆಂಡತಿಯ ಎಟಿಎಂ ಕಾರ್ಡನ್ನೇ ಕಿತ್ತಿಟ್ಟುಕೊಂಡ ಪಿಎಚ್‌.ಡಿ. ಗಂಡನನ್ನೂ ನೋಡಿದ್ದೇನೆ.

ಕಳೆದ ತಿಂಗಳು ನಮ್ಮ ಆಫೀಸಿನ ತಂಡದ ಹಾಸನದ ಹುಡುಗಿಯೊಬ್ಬಳು ಇದೇ ಪ್ರಶ್ನೆ ಹಿಡಿದು ಬಂದಳು. ಹುಡುಗ ಬಿ.ಕಾಂ. ಅರ್ಧಕ್ಕೆ ಬಿಟ್ಟವನು, ಸುಂಕದಕಟ್ಟೆಯಲ್ಲಿ ಫೋಟೊ ಸ್ಟುಡಿಯೊ, ಮದುವೆ ಸೀಸನ್ನಿನಲ್ಲಿ ದುಡ್ಡು, ಆಷಾಢದಲ್ಲಿ ಇಲ್ಲ. ಎರಡು ವರ್ಷದ ಪರಿಚಯ.

“ಅವನಿಗೆ ಸಾಲ ಎಷ್ಟಿದೆ?” ಅಂತ ಕೇಳಿದೆ.

“ಗೊತ್ತಿಲ್ಲ ಅಕ್ಕಾ. ಹೇಗೆ ಕೇಳೋದು?”

“ನಿನ್ನ ಎಜುಕೇಶನ್ ಲೋನ್ ಇನ್ನೂ ಎಷ್ಟಿದೆ ಅಂತ ಅವನಿಗೆ ಗೊತ್ತಾ?”

ಅವಳು ಡಬ್ಬಿಯ ಮುಚ್ಚಳ ನೋಡುತ್ತಾ ಕೂತಳು. ಗೊತ್ತಿಲ್ಲ ಅಂತ ತಲೆಯಾಡಿಸಿದಳು.

ಹದಿನೈದು ದಿನ ಬಿಟ್ಟು ಬಂದಳು. ಮೊದಲು ತನ್ನದನ್ನು ಹೇಳಿದಳಂತೆ, ಮೂರು ಲಕ್ಷದ ಎಂಬತ್ತು ಸಾವಿರ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕ್ಯಾಮೆರಾ ಸಾಲ ಒಂದು ಲಕ್ಷ ಚಿಲ್ಲರೆ, ಅಮ್ಮನ ಒಡವೆ ಗಿರವಿ ಇಟ್ಟಿದ್ದು ಒಂದೂವರೆ ಲಕ್ಷ ಅಂದನಂತೆ. ಒಡವೆಯ ವಿಷಯ ಅವನು ಬೇರೆ ಯಾರಿಗೂ ಹೇಳಿರಲಿಲ್ಲವಂತೆ. ಇಬ್ಬರೂ ಕಬ್ಬನ್ ಪಾರ್ಕಿನ ಬೆಂಚಿನ ಮೇಲೆ ಕೂತು ಒಂದು ಕಾಗದದಲ್ಲಿ ಎಲ್ಲವನ್ನೂ ಬರೆದುಕೊಂಡಿದ್ದಾರೆ. ಆ ಕಾಗದ ಅವಳ ಬ್ಯಾಗಿನಲ್ಲಿತ್ತು, ತೆಗೆದು ತೋರಿಸಿದಳು. ಈ ಭಾನುವಾರ ಅವನ ಅಮ್ಮನನ್ನು ನೋಡಲು ಸುಂಕದಕಟ್ಟೆಗೆ ಹೋಗುತ್ತಿದ್ದಾಳೆ.